ಮಾರನೇ ಬೆಳಿಗ್ಗೆ ಏನಾಯ್ತು?
(ಹೆಬ್ಬೆಯಲ್ಲಿ ಹಾಸ್ಟೆಲ್ ಗೆಳೆಯರ ಮುಂದೆ ಆಡಿದ ಮಾತು)



ಈಗ ತಾನೆ ‘ವಿ ಫಾರ್ ವೆಂಡೆಟಾ’ ನೋಡಿದ್ದೀರಿ. 2006ರಲ್ಲಿ ತೆರೆಕಂಡ ಇಂಗ್ಲಿಷ್ ಸಿನಿಮಾ. ಕೊನೆಗೆ ಸರ್ವಾಧಿಕಾರಿ ಸತ್ತಿದ್ದಾನೆ. ಜನ ಒಂದೇ ಥರದ ಮುಖವಾಡ ಹಾಕ್ಕೊಂಡು ಬೀದಿಗೆ ಬರ್ತಾರೆ. ಸೈನಿಕರಿಗೆ ಮೇಲಿಂದ ಆರ್ಡರ್ ಬರೋದಿಲ್ಲ, ಬಂದೂಕು ಇಳಿಸ್ತಾರೆ. ಲಂಡನ್ನಿನ ಪಾರ್ಲಿಮೆಂಟ್ ಸಿಡಿದು ಬೀಳುತ್ತೆ. ಜನ ಮುಖವಾಡ ತೆಗೀತಾರೆ, ನಡುವೆ ಸತ್ತವರ ಮುಖಗಳೂ ಕಾಣ್ತವೆ. ಅಲ್ಲಿಗೆ ಮುಗೀತು. ನೀವು ಶಿಳ್ಳೆ ಹೊಡೆದಿರಿ. ನಾನು ಕೇಳೋದು ಒಂದೇ: ಮಾರನೇ ಬೆಳಿಗ್ಗೆ ಏನಾಯ್ತು?

ಅಂಥ ಒಂದು ಬೆಳಗನ್ನು ನಮ್ಮ ದೇಶ ಕಂಡಿದೆ. 1975ರ ಜೂನ್‌ನಲ್ಲಿ ಬಂದ ತುರ್ತುಪರಿಸ್ಥಿತಿ 1977ರ ಮಾರ್ಚ್ 21ಕ್ಕೆ ಹೋಯ್ತು. ‘ಸಂಸ್ಕಾರ’ ಚಿತ್ರದ ಚಂದ್ರಿ, ಸ್ನೇಹಲತಾ ರೆಡ್ಡಿ, ಅದನ್ನು ನೋಡಲಿಲ್ಲ. ಬೆಂಗಳೂರು ಜೈಲಿನಲ್ಲಿ ಆಸ್ತಮಾದಿಂದ ನರಳಿ, ಪೆರೋಲ್ ಮೇಲೆ ಹೊರಬಂದ ಐದೇ ದಿನಕ್ಕೆ, ಜನವರಿ 20ರಂದು ತೀರಿಕೊಂಡರು. ಸಿನಿಮಾದಲ್ಲಿ ಸತ್ತವರು ವಾಪಸ್ ಬರ್ತಾರೆ. ಇಲ್ಲಿ ಬರೋದಿಲ್ಲ.

ಪ್ರಜಾಪ್ರಭುತ್ವ ಬಂತು ಅಂದರು. ಎರಡೇ ತಿಂಗಳು. ಮೇ 27ರಂದು ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಕೊಂದು ಬೆಂಕಿಗೆ ಹಾಕಿದರು. ದಿಲ್ಲಿಯಲ್ಲಿ ಸರ್ಕಾರ ಬದಲಾಗಿತ್ತು, ಊರಿನ ಯಜಮಾನ ಬದಲಾಗಿರಲಿಲ್ಲ. ಸೋತಿದ್ದ ಇಂದಿರಾ ಗಾಂಧಿ ಆನೆ ಹತ್ತಿ ಆ ಬೆಲ್ಚಿಗೆ ಹೋದರು. 1978ರ ನವೆಂಬರ್‌ನಲ್ಲಿ ನಮ್ಮ ಚಿಕ್ಕಮಗಳೂರಿಗೇ ಬಂದು ನಿಂತರು, ವೀರೇಂದ್ರ ಪಾಟೀಲರನ್ನು ಸೋಲಿಸಿ ಗೆದ್ದರು.

ಕೇರಿಯವರು, ತೋಟದ ಲೈನ್ ಮನೆಯವರು ದಡ್ಡರು, ಎಲ್ಲಾ ಮರೆತರು ಅನ್ನೋರಿದ್ದಾರೆ. ನಾನು ಒಪ್ಪಲ್ಲ. ಜೀತ ರದ್ದತಿ ಕಾನೂನು ಬಂದದ್ದೂ ಆ ತುರ್ತುಪರಿಸ್ಥಿತಿಯಲ್ಲೇ, 1976ರಲ್ಲಿ. ನಮ್ಮ ಹಿರಿಯರಿಗೆ ಲೆಕ್ಕ ಗೊತ್ತಿತ್ತು. ಆದರೆ ಓಟು ಕೊಡೋದು ಬೇರೆ, ತಲೆ ಕೊಡೋದು ಬೇರೆ. ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಅಂತ ಬಾಬಾಸಾಹೇಬರು 1949ರ ನವೆಂಬರ್ 25ರಂದೇ ಎಚ್ಚರಿಸಿದ್ದರು.

ಆ ಬೆಳಗಿನಿಂದ ಉಳಿದದ್ದೇನು? ಬರೆದಿಟ್ಟದ್ದು ಉಳೀತು. 1978ರ 44ನೇ ತಿದ್ದುಪಡಿ ಬಂದ ಮೇಲೆ, ತುರ್ತುಪರಿಸ್ಥಿತಿಯಲ್ಲೂ ಜೀವದ ಹಕ್ಕಿಗಾಗಿ ಕೋರ್ಟಿಗೆ ಹೋಗೋದನ್ನ ತಡೆಯೋಕಾಗಲ್ಲ. ಅದಕ್ಕೇ ಹೇಳೋದು, ಪಾರ್ಲಿಮೆಂಟ್ ಉರುಳಿಸೋ ಕೆಲಸ ನಮಗೆ ಬೇಡ. ಅಲ್ಲಿ ಬಾಬಾಸಾಹೇಬರ ದುಡಿಮೆ ಇದೆ.

ನಾನೂ ಹಾಸ್ಟೆಲ್ ಅನ್ನ ತಿಂದವನು. ವಾರ್ಡನ್ ಬದಲಾದ ದಿನ ನಾವೂ ಹೀಗೇ ಶಿಳ್ಳೆ ಹೊಡೆದ್ವಿ. ಮಾರನೇ ದಿನ ಸಾರು ಅದೇ ನೀರು. ನಾಲ್ಕು ಜನ ಹೋಗಿ ಸ್ಟಾಕ್ ಪುಸ್ತಕ ತೋರಿಸಿ ಅಂತ ಕೂತ ಮೇಲೇ ಸಾರಿನಲ್ಲಿ ಬೇಳೆ ಕಂಡಿದ್ದು.

ಸಿನಿಮಾ ಮುಗಿಯೋ ಜಾಗದಲ್ಲಿ ನಮ್ಮ ಕೆಲಸ ಶುರು. ಇವತ್ತು ಹಾಸ್ಟೆಲ್‌ಗೆ ಹೋಗಿ ಮಲಗಿ. ಬೆಳಿಗ್ಗೆ ಎದ್ದು ಆ ಪುಸ್ತಕ ಕೇಳಿ.

ಜೈ ಭೀಮ್.