ಗಚ್ಚಿನ ಗಾಣ



ಹಾನಗಲ್ಲಿನ ತಾರಕೇಶ್ವರ ಗುಡಿಯ ಕಲ್ಲುಗಳ ನಡುವೆ ಗಾರೆ ಇಲ್ಲ. ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲನ್ನು ಒಂದಕ್ಕೊಂದು ಕೂಡುವಂತೆ ಕಡೆದು, ಅದರ ಭಾರದಿಂದಲೇ ಅದನ್ನು ನಿಲ್ಲಿಸಿದರು. ಸವಣೂರಿಗೆ ಬನ್ನಿ, ನವಾಬರ ಕಾಲದ ಗೋಡೆಗಳ ರೀತಿಯೇ ಬೇರೆ. ಅಲ್ಲಿ ಕಲ್ಲು, ಇಟ್ಟಿಗೆಯನ್ನು ಹಿಡಿದು ನಿಲ್ಲಿಸಿದ್ದು ಗಚ್ಚು, ಅಂದರೆ ಸುಣ್ಣದ ಗಾರೆ. ಶಿಗ್ಗಾವಿ, ಹಿರೇಕೆರೂರ ಕಡೆಯ ಹಿರಿಯರಿಗೂ ಗಚ್ಚಿನ ಕೆಲಸ ಹೊಸದಲ್ಲ.

ಆ ಗಚ್ಚನ್ನು ಕಲಸುತ್ತಿರಲಿಲ್ಲ, ಅರೆಯುತ್ತಿದ್ದರು. ನೆಲದಲ್ಲಿ ದುಂಡಗಿನ ಕಾಲುವೆ, ಅದರೊಳಗೆ ಉರುಳುವ ಭಾರಿ ಕಲ್ಲಿನ ಗಾಲಿ, ನಡುವೆ ನೆಟ್ಟ ಗೂಟ, ಸುತ್ತು ಹಾಕುವ ಎತ್ತುಗಳು. ನೀರು ಹಾಕಿ ಅರಳಿಸಿದ ಸುಣ್ಣ, ಮರಳು, ಸುಟ್ಟ ಇಟ್ಟಿಗೆಯ ಪುಡಿ ಎಲ್ಲವೂ ಆ ಗಾಲಿಯ ಕೆಳಗೆ ಬೀಳುತ್ತಿತ್ತು. ಆ ಇಟ್ಟಿಗೆ ಪುಡಿಯೇ ಸುರ್ಕಿ.

ಸಲಿಕೆಯಲ್ಲಿ ಕಲಸಿದರೆ ಸಾಲದೇ? ಸಾಲದು. ಗಾಳಿ ತಾಗಿದ ಸುಣ್ಣದ ಕಣದ ಮೇಲೆ ಗಟ್ಟಿ ಪೊರೆ ಕಟ್ಟಿರುತ್ತದೆ. ಗಾಲಿ ಅದನ್ನು ಒಡೆಯುತ್ತದೆ. ಸುರ್ಕಿಯ ಕಣವೂ ಸೀಳಿ, ಇದುವರೆಗೆ ಏನನ್ನೂ ಮುಟ್ಟದ ಹೊಸ ಮೈ ಹೊರಬರುತ್ತದೆ. ಸುಟ್ಟ ಜೇಡಿಮಣ್ಣಿನ ಸಿಲಿಕಾ, ಅಲ್ಯುಮಿನಾಗಳು ಅಲ್ಲಿಯೇ ಸುಣ್ಣವನ್ನು ಹಿಡಿಯುತ್ತವೆ. ತೇವ ಇರುವವರೆಗೂ ಆ ಕೂಡಿಕೆ ನಿಧಾನವಾಗಿ ನಡೆಯುತ್ತದೆ. ಬರೀ ಸುಣ್ಣದ ಗಾರೆಗೆ ಗಟ್ಟಿಯಾಗಲು ಗಾಳಿ ಬೇಕು. ಸುರ್ಕಿ ಬೆರೆತ ಗಾರೆ ನೀರಿನೊಳಗೂ ಗಟ್ಟಿಯಾಗುತ್ತದೆ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಎದ್ದದ್ದು ಇಂಥ ಸುರ್ಕಿ ಗಾರೆಯಿಂದಲೇ.

ಅರೆಯುವುದರಿಂದ ವಸ್ತುವಿನ ಗುಣವೇ ಬದಲಾಗುತ್ತದೆ ಎಂಬುದು ಬಲು ಹಳೆಯ ತಿಳಿವಳಿಕೆ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಗ್ರೀಸಿನ ಥಿಯೋಫ್ರಾಸ್ಟಸ್ ಕಲ್ಲುಗಳ ಬಗ್ಗೆ ಬರೆಯುತ್ತ, ಪಾದರಸ, ಗಂಧಕಗಳು ಕೂಡಿದ ಇಂಗಳಿಕವನ್ನು ಹುಳಿರಸದೊಂದಿಗೆ ತಾಮ್ರದ ಒರಳಲ್ಲಿ ತಾಮ್ರದ ಒನಕೆಯಿಂದ ಅರೆದರೆ ಪಾದರಸ ಸಿಗುತ್ತದೆ ಎಂದಿದ್ದಾನೆ. ನಮ್ಮ ರಸವೈದ್ಯರು ಅದರ ತದ್ವಿರುದ್ಧ ದಾರಿ ಹಿಡಿದರು. ಪಾದರಸ, ಗಂಧಕಗಳನ್ನು ಖಲ್ವ ಎಂಬ ಅರೆಯುವ ಒರಳಿನಲ್ಲಿ ಹಾಕಿ, ಬೆಂಕಿಯೇ ಇಲ್ಲದೆ, ಪಾದರಸದ ಹೊಳಪು ಅಡಗುವ ತನಕ ಅರೆದರು. ಕೊನೆಗೆ ಉಳಿಯುವುದು ಕಾಡಿಗೆಯಂಥ ಕಪ್ಪು ಪುಡಿ, ಕಜ್ಜಲಿ. ಎರಡು ಮೂಲವಸ್ತುಗಳು ಕೂಡಿ ಮೂರನೆಯದೊಂದು ಹುಟ್ಟಿತು. (ಪಾದರಸದ ಆವಿ ವಿಷ. ಇದನ್ನು ಮನೆಯಲ್ಲಿ ಯಾರೂ ಮಾಡಬಾರದು.)

1820ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ ಸಿಲ್ವರ್ ಕ್ಲೋರೈಡನ್ನು ಸತುವಿನೊಂದಿಗೆ ಒಣದಾಗಿಯೇ ಅರೆದು ಬೆಳ್ಳಿ ಪಡೆದರು. ಆದರೆ ಒಂದು ಅನುಮಾನ ಉಳಿಯುತ್ತದೆ: ಇದು ತಿಕ್ಕಾಟದ ಬಿಸಿಯ ಕೆಲಸವಲ್ಲವೇ? ಅದಕ್ಕೆ ಉತ್ತರ ಕೊಟ್ಟವರು ಫಿಲಡೆಲ್ಫಿಯಾದ ರಸಾಯನ ವಿಜ್ಞಾನಿ ಕೇರಿ ಲೀ, 1890ರ ದಶಕದ ಮೊದಲ ವರ್ಷಗಳಲ್ಲಿ. ಈ ಇತಿಹಾಸದಲ್ಲಿ ನನಗೆ ಅತ್ಯಂತ ಮೆಚ್ಚಿನ ಘಟ್ಟ ಇದು. ಸಿಲ್ವರ್ ಕ್ಲೋರೈಡ್ ಕಾಸಿದರೆ ಕರಗುತ್ತದೆ, ಒಡೆಯುವುದಿಲ್ಲ. ಮರ್ಕ್ಯುರಿಕ್ ಕ್ಲೋರೈಡ್ ಕಾಸಿದರೆ ಹಾಗೆಯೇ ಆವಿಯಾಗಿ ಮೇಲೇರುತ್ತದೆ. ಅವರು ಎರಡನ್ನೂ ಒರಳಿನಲ್ಲಿ ಗಟ್ಟಿಯಾಗಿ ಒತ್ತಿ ಅರೆದರು. ಎರಡೂ ಒಡೆದವು! ಬೆಂಕಿ ಮಾಡದ ಕೆಲಸವನ್ನು ತೋಳಿನ ಬಲ ಮಾಡಿತ್ತು. ಅರೆತದ ಶಕ್ತಿ ಶಾಖದ ಇನ್ನೊಂದು ರೂಪವಲ್ಲ, ಅದಕ್ಕೆ ಅದರದೇ ದಾರಿ ಇದೆ ಎಂದು ಹೀಗೆ ಗೊತ್ತಾಯಿತು. ಇಂದಿನ ಉಕ್ಕಿನ ಗುಂಡುಗಳ ಗಿರಣಿಯಲ್ಲಿ ಹರಳುಗಳ ಒಳಗಿನ ಜೋಡಣೆಯೇ ಕೆದರಿಹೋಗಿ, ಸುಮ್ಮನಿದ್ದ ಪುಡಿ ಚುರುಕಾಗುತ್ತದೆ.

ಅರೆಯುವ ಕೆಲಸ ಇಂದಿನ ಸಿಮೆಂಟಿನಲ್ಲೂ ಇದೆ. ಸಿಮೆಂಟಿನ ಮುಖ್ಯ ಭಾಗವಾದ, ಸುಡುವಾಗ ಹೆಚ್ಚು ಇಂಗಾಲ ಬಿಡುವ ಕ್ಲಿಂಕರಿನ ಪಾಲು ಇಳಿಸಿ, ಸುಟ್ಟ ಜೇಡಿಮಣ್ಣನ್ನೂ ಸುಣ್ಣಕಲ್ಲನ್ನೂ ನುಣ್ಣಗೆ ಅರೆದು ಸೇರಿಸುವ ಸಿಮೆಂಟ್ ಈಗ ಬರುತ್ತಿದೆ. ಇಂಗಾಲದ ಹೊರೆ ತಗ್ಗಿಸುವ ಉಪಾಯ ಅದು. ಸುಟ್ಟ ಮಣ್ಣು ಎಂದರೆ ಸುರ್ಕಿಯ ಬಂಧುವೇ.

ಹಳೆಯ ಗೋಡೆ ಇರುವ ಮನೆಯವರಲ್ಲಿ ಒಂದು ಕಳಕಳಿಯ ಮಾತು. ಬಿರುಕು ಕಂಡೊಡನೆ ಸಿಮೆಂಟ್ ಮೆತ್ತಬೇಡಿ. ಗಚ್ಚಿನ ಗೋಡೆ ತನ್ನೊಳಗಿನ ತೇವವನ್ನು ಹೊರಗೆ ಬಿಡುತ್ತದೆ. ಗಟ್ಟಿ ಸಿಮೆಂಟ್ ಅದನ್ನು ಒಳಗೇ ತಡೆಯುವುದರಿಂದ ಪಕ್ಕದ ಇಟ್ಟಿಗೆ ಉದುರುತ್ತದೆ. ಸುಣ್ಣ, ಸುರ್ಕಿ ಈಗಲೂ ಸಿಗುತ್ತವೆ. ಎತ್ತಿನ ಗಾಣ ಇಲ್ಲದಿದ್ದರೆ ವಿದ್ಯುತ್ತಿನ ಗಿರಣಿ ಆದೀತು. ಗಚ್ಚು ಅರೆದು ಗೊತ್ತಿರುವ ಹಿರಿಯ ಗೌಂಡಿಯೊಬ್ಬರು ನಿಮ್ಮೂರಲ್ಲಿದ್ದರೆ ಅವರನ್ನೇ ಕರೆದು ಕೇಳಿ.