ಕಾಣದೆ ಹೋಗುವ ಹಿಗ್ಸ್ ಕಣವನ್ನು ಹುಡುಕುವ ಬಗೆ

(ಸುವರ್ಣ ಮಹೋತ್ಸವದ ವಿಜ್ಞಾನ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಾನು ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು, ಭೌತವಿಜ್ಞಾನಿಯಲ್ಲ. ಆದರೆ ಇಂದಿನ ವಿಷಯದಲ್ಲಿ ಅರ್ಧ ಪಾಲು ಸಾಫ್ಟ್‌ವೇರಿನದೇ.

ಜಿನಿವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ, ನೆಲದಡಿಯ 27 ಕಿಲೋಮೀಟರ್ ಸುತ್ತಳತೆಯ ಯಂತ್ರದೊಳಗೆ ಪ್ರೋಟಾನುಗಳನ್ನು ಡಿಕ್ಕಿ ಹೊಡೆಸುತ್ತಾರೆ. ಹಿಗ್ಸ್ ಬೋಸಾನ್ ಸಿಕ್ಕಿತೆಂದು ಅಲ್ಲಿ ಘೋಷಿಸಿದ್ದು 2012ರ ಜುಲೈ 4ರಂದು. ಪ್ರೋಟಾನಿಗಿಂತ ಸುಮಾರು 133 ಪಟ್ಟು ಭಾರದ ಈ ಕಣ ಹುಟ್ಟಿದ ಕ್ಷಣವೇ ಒಡೆಯುತ್ತದೆ. ಈಗಿನ ಸಿದ್ಧಾಂತದಂತೆ ನೂರರಲ್ಲಿ ಸುಮಾರು 58 ಸಲ ಅದು ಎರಡು ಬಾಟಮ್ ಕ್ವಾರ್ಕುಗಳಾಗುತ್ತದೆ. ಎರಡು ಫೋಟಾನುಗಳಾಗುವುದು ಸಾವಿರಕ್ಕೆ ಎರಡೇ ಸಲ.

ಇವು ಗೊತ್ತಿರುವ ದಾರಿಗಳು. ಗೊತ್ತಿಲ್ಲದ ದಾರಿಯೂ ಇರಬಹುದೇ? ಸೂಪರ್‌ಸಿಮೆಟ್ರಿ ಎಂಬ ಸಿದ್ಧಾಂತ ಪ್ರತಿ ಕಣಕ್ಕೂ ಒಂದು ಜೊತೆಗಾರ ಕಣವನ್ನು ಊಹಿಸುತ್ತದೆ. ಅವುಗಳಲ್ಲಿ ನ್ಯೂಟ್ರಲಿನೊ ಎಂಬುದು ಯಾವ ಉಪಕರಣದಲ್ಲೂ ಗುರುತು ಬಿಡದೆ ಹೋಗುತ್ತದೆ. ಅದರ ರಾಶಿ ಹಿಗ್ಸ್‌ನ ಅರ್ಧಕ್ಕಿಂತ ಕಡಿಮೆಯಿದ್ದರೆ, ಹಿಗ್ಸ್ ಎರಡು ನ್ಯೂಟ್ರಲಿನೊಗಳಾಗಿ ಒಡೆದು ಮಾಯವಾಗಬಹುದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ರೋಹಿಣಿ ಗೋಡ್ಬೋಲೆಯವರು, ಹಿಗ್ಸ್ ಸಿಗುವ ಹತ್ತು ವರ್ಷ ಮೊದಲೇ, ಫ್ರಾನ್ಸಿನ ಸಹೋದ್ಯೋಗಿಗಳ ಜೊತೆ ಇಂಥ ಅದೃಶ್ಯ ಒಡೆಯುವಿಕೆಯ ಲೆಕ್ಕ ಹಾಕಿದ್ದರು. ಅವರು 2024ರಲ್ಲಿ ತೀರಿಕೊಂಡರು. ನಮ್ಮ ಪಠ್ಯದಲ್ಲಿ ಅವರ ಹೆಸರು ಬರಬೇಕಿತ್ತು ಎಂದು ನನಗನ್ನಿಸುತ್ತದೆ.

ಕಾಣದ್ದನ್ನು ಹಿಡಿಯುವುದು ಹೇಗೆ? ಕಾಳಿ ನದಿಯಲ್ಲಿ ರಾತ್ರಿ ಒಂದು ರಾಫ್ಟ್ ನಿಂತಿದೆಯೆನ್ನಿ. ಕತ್ತಲಲ್ಲಿ ಒಬ್ಬ ಎಡಕ್ಕೆ ಹಾರಿದರೆ ಅವನು ಕಾಣಿಸುವುದಿಲ್ಲ, ಆದರೆ ರಾಫ್ಟ್ ಬಲಕ್ಕೆ ಸರಿಯುತ್ತದೆ. ನೀವು ಓದಿರುವ ಸಂವೇಗ ಸಂರಕ್ಷಣೆಯ ನಿಯಮವೇ ಇದು. ಹಿಗ್ಸ್ ಜೊತೆಗೆ ಹುಟ್ಟಿದ ಜೆಡ್ ಬೋಸಾನ್ ಎರಡು ಮ್ಯೂಆನುಗಳಾಗಿ ಒಂದು ಕಡೆ ಕಂಡು, ಎದುರು ಬದಿ ಖಾಲಿಯಿದ್ದರೆ ಅನುಮಾನ ಹುಟ್ಟುತ್ತದೆ. ಇಂಥ ಹುಡುಕಾಟಗಳನ್ನೆಲ್ಲ ಸೇರಿಸಿ ಅಟ್ಲಾಸ್ ತಂಡ 2023ರಲ್ಲಿ ಹಾಕಿದ ಮಿತಿ ಇದು: ಅದೃಶ್ಯವಾಗುವ ಹಿಗ್ಸ್ ನೂರಕ್ಕೆ ಸುಮಾರು 11ಕ್ಕಿಂತ ಹೆಚ್ಚಿರಲಾರದು. ಸೂಪರ್‌ಸಿಮೆಟ್ರಿಯ ಒಂದು ಕಣವೂ ಇನ್ನೂ ಸಿಕ್ಕಿಲ್ಲ.

ಇದಕ್ಕಿಂತ ಕಷ್ಟದ ಬಗೆಗಳೂ ಇವೆ. ಹಿಗ್ಸ್ ಮೊದಲು ಎರಡು ಹಗುರ ಕಣಗಳಾಗಿ, ಅವು ಮತ್ತೆ ಒಡೆದು ನಾಲ್ಕು ಬಾಟಮ್ ಕ್ವಾರ್ಕುಗಳಾದರೆ, ಡಿಕ್ಕಿಯ ಸಾಮಾನ್ಯ ಕಸದಲ್ಲಿ ಬೆರೆತುಹೋಗುತ್ತವೆ. ಕೆಲವು ಕಣಗಳು ಡಿಕ್ಕಿಯ ಜಾಗದಿಂದ ದೂರ ಸಾಗಿ ಆಮೇಲೆ ಒಡೆಯಬಹುದು.

ಇಲ್ಲಿಂದ ನಮ್ಮ ಕಸುಬು ಶುರು. ಪ್ರೋಟಾನ್ ಗುಂಪುಗಳು ಸೆಕೆಂಡಿಗೆ 4 ಕೋಟಿ ಸಲದವರೆಗೆ ಎದುರಾಗುತ್ತವೆ. ಉಳಿಸಿಕೊಳ್ಳುವುದು ಕೆಲವೇ ಸಾವಿರವನ್ನು. ಟ್ರಿಗರ್ ಎಂಬ ವ್ಯವಸ್ಥೆ, ಮೊದಲು ಎಲೆಕ್ಟ್ರಾನಿಕ್ಸ್, ನಂತರ ಸಾಫ್ಟ್‌ವೇರ್, ಯಾವುದು ಉಳಿಯಬೇಕೆಂದು ತೀರ್ಮಾನಿಸುತ್ತದೆ. ಬಿಟ್ಟದ್ದು ಮತ್ತೆ ಸಿಗದು. ಜೋಯಿಡಾ ಕಾಡಿನಲ್ಲಿ ಹುಲಿ ಎಣಿಕೆಗೆ ಕಟ್ಟುವ ಕ್ಯಾಮೆರಾ ನೋಡಿದ್ದೀರಲ್ಲ? ಬಿಸಿಮೈಯ ಪ್ರಾಣಿ ಹಾದರೆ ಅದು ಚಿತ್ರ ತೆಗೆಯುತ್ತದೆ. ತಣ್ಣನೆಯ ಕಪ್ಪೆ ಹಾದರೆ ಸಾಮಾನ್ಯವಾಗಿ ಸುಮ್ಮನಿರುತ್ತದೆ. ಆ ಚಿತ್ರಗಳನ್ನು ನೋಡಿ ಕಾಡಿನಲ್ಲಿ ಕಪ್ಪೆಯೇ ಇಲ್ಲ ಎನ್ನಲಾದೀತೇ? ವಿಚಿತ್ರ ಹಿಗ್ಸ್ ಬೇಕಿದ್ದರೆ ಅದರ ರೂಪವನ್ನು ಮೊದಲೇ ಊಹಿಸಿ ಟ್ರಿಗರ್‌ನಲ್ಲಿ ಬರೆದಿರಬೇಕು. ಗೋಡ್ಬೋಲೆಯವರಂಥವರ ಲೆಕ್ಕಕ್ಕೆ ಬೆಲೆ ಬರುವುದು ಇಲ್ಲೇ.

ಅಲ್ಲಿನ ಸಿಎಂಎಸ್ ತಂಡ ತನ್ನ ದತ್ತಾಂಶದ ಒಂದು ಭಾಗವನ್ನು 2014ರಿಂದ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ನಮ್ಮ ಶಾಲೆಯ ಕಂಪ್ಯೂಟರಿನಲ್ಲೂ ಅದು ತೆರೆಯುತ್ತದೆ, ಬೆಳಿಗ್ಗೆ ನೋಡಿದ್ದೇನೆ. ಊಟವಾದ ಮೇಲೆ ಲ್ಯಾಬಿಗೆ ಬನ್ನಿ, ಎರಡು ಮ್ಯೂಆನುಗಳಿರುವ ಡಿಕ್ಕಿಗಳನ್ನು ತೋರಿಸುತ್ತೇನೆ; ಎದುರು ಬದಿ ಏನಿದೆಯೆಂದು ನೀವೇ ನೋಡಿ ಹೇಳಿ.