ದೂರದ ಮಸೂರ, ಓಟದ ಕಾರು

ಮೋಟಾರು ಪಂದ್ಯಗಳ ಚಿತ್ರ ತೆಗೆಯುವ ಹಂಬಲ ಹುಟ್ಟಿದೊಡನೆ ನಮ್ಮಲ್ಲಿ ಅನೇಕರು ಅಂಗಡಿಯಲ್ಲಿ ಕೇಳುವುದು ಒಂದೇ ಮಾತು: ‘ಎಲ್ಲಕ್ಕಿಂತ ಉದ್ದದ ಟೆಲಿಫೋಟೋ ಮಸೂರ ಯಾವುದು?’ ಪ್ರಶ್ನೆ ಸಹಜವಾದುದೇ. ಆದರೆ ಹಣ ಕೊಡುವ ಮೊದಲು ನೀವು ನಿಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೊಂದುಂಟು: ‘ನಾನು ನಿಲ್ಲುವುದೆಲ್ಲಿ?’

ಲೆಕ್ಕ ಕಷ್ಟವಾದುದಲ್ಲ. ಹಳೆಯ 35 ಮಿ.ಮೀ. ಫಿಲ್ಮಿನದಾಗಲಿ, ಇಂದಿನ ಪೂರ್ಣ ಚೌಕಟ್ಟಿನ ಡಿಜಿಟಲ್ ಕ್ಯಾಮೆರಾದ್ದಾಗಲಿ, ಚಿತ್ರದ ಅಗಲ 36 ಮಿ.ಮೀ. ಕಾರಿಗೂ ನಿಮಗೂ ಇರುವ ದೂರವನ್ನು 36ರಿಂದ ಗುಣಿಸಿ, ಮಸೂರದ ಮೇಲೆ ಬರೆದಿರುವ ಸಂಗಮದೂರದಿಂದ ಭಾಗಿಸಿ. 40 ಮೀಟರು ದೂರದಲ್ಲಿ 200 ಮಿ.ಮೀ. ಮಸೂರಕ್ಕೆ 7.2 ಮೀಟರು ಅಗಲ ದಕ್ಕುತ್ತದೆ. ನಾಲ್ಕೈದು ಮೀಟರಿನ ಕಾರು ಅದರಲ್ಲಿ ಹಾಯಾಗಿ ಕೂರುತ್ತದೆ; ಮುಂದೆ ಓಡಲು ಎಡೆಯೂ ಉಳಿಯುತ್ತದೆ. ಅಲ್ಲಿಯೇ 400 ಮಿ.ಮೀ. ಹಿಡಿದರೆ ಸಿಕ್ಕುವುದು 3.6 ಮೀಟರು, ಮೂತಿ ಬಂದರೆ ಬಾಲವಿಲ್ಲ. 80 ಮೀಟರಿನಾಚೆ ನಿಲ್ಲುವವರಿಗೆ ಮಾತ್ರ 400 ಬೇಕು. ಕ್ಯಾಮೆರಾದ ಚೌಕಟ್ಟು ಚಿಕ್ಕದಾದರೆ ಇನ್ನೂ ಗಿಡ್ಡ ಮಸೂರವೇ ಸಾಕು.

ಬೆಂಗಳೂರಿನಿಂದ ಹೊರಟು, ಶ್ರೀಪೆರುಂಬುದೂರಿನ ಬಳಿ 1990ರಲ್ಲಿ ತೆರೆದ ಇರುಂಗಾಟ್ಟುಕೋಟ್ಟೈ ಪಥಕ್ಕೆ ಹೋಗುತ್ತೀರೆನ್ನಿ. ಅಭ್ಯಾಸದ ಓಟಗಳ ಹೊತ್ತಿಗೇ ಹೋಗಿ, ಬಿಟ್ಟ ಕಡೆಯಲ್ಲೆಲ್ಲ ಸುತ್ತಿ, ಒಂದು ತಿರುವನ್ನು ಆರಿಸಿಕೊಳ್ಳಿ. ತಿರುವಿನಲ್ಲಿ ಕಾರು ನಿಧಾನವಾಗುತ್ತದೆ, ಚಾಲಕನ ಕೈಚಳಕವೂ ಕಾಣುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಟಾರಿನ ಮೇಲೆ ಗಾಳಿ ಕುದಿಯುತ್ತಿರುತ್ತದೆ. ಆಗ ಬಹು ದೂರದಿಂದ ತೆಗೆದ ಚಿತ್ರ ಎಷ್ಟು ಬೆಲೆಯ ಮಸೂರದಲ್ಲಾದರೂ ಕಲಸಿಹೋಗುತ್ತದೆ. ಬೆಳಗಿನ ಹೊತ್ತೇ ಮೇಲು.

ವೇಗದ ಮಾತು. ಗಂಟೆಗೆ 180 ಕಿ.ಮೀ. ಓಡುವ ಕಾರು ಸೆಕೆಂಡಿಗೆ 50 ಮೀಟರು ಸಾಗುತ್ತದೆ. ಸೆಕೆಂಡಿನ ಸಾವಿರದಲ್ಲೊಂದು ಪಾಲಿನಲ್ಲಿ ಅದು ಹೋಗುವುದು 5 ಸೆಂ.ಮೀ. ಮಾತ್ರ, ಚಿತ್ರದಲ್ಲಿ ಚಕ್ರ ನಿಂತು, ಕಾರು ರಸ್ತೆಬದಿಯಲ್ಲಿ ನಿಲ್ಲಿಸಿಟ್ಟಂತೆ ತೋರುತ್ತದೆ. 125ರಲ್ಲೊಂದು ಪಾಲಿಗೆ ಇಳಿಸಿ, ಸೊಂಟದಿಂದ ತಿರುಗುತ್ತಾ ಕ್ಯಾಮೆರಾವನ್ನು ಕಾರಿನೊಡನೆಯೇ ಸಾಗಿಸಿ. ಗುಂಡಿ ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸಬೇಡಿ. ಕಾರು ನಿಚ್ಚಳವಾಗಿ, ಹಿನ್ನೆಲೆ ಗೀಟುಗೀಟಾಗಿ, ಚಕ್ರ ತಿರುಗುತ್ತಾ ಬರುತ್ತದೆ. ಹೀಗೆ ತಿರುಗಲು ಹಗುರ ಮಸೂರವೇ ಅನುಕೂಲ. 70ರಿಂದ 200ರವರೆಗೆ ಹಿಗ್ಗಿ ಕುಗ್ಗುವ ಮಸೂರ ಹೆಚ್ಚಿನವರಿಗೆ ಸಾಕು. ಅದಕ್ಕೂ ಉದ್ದದ್ದನ್ನು ಒಂದು ದಿನ ಬಾಡಿಗೆಗೆ ತಂದು ನೋಡಿ, ಆಮೇಲೆ ಕೊಳ್ಳಿರಿ.

ಕೊನೆಯದಾಗಿ ಒಂದು ಮಾತು. 1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್ಸ್ ಪಂದ್ಯದಲ್ಲಿ ಕಾರೊಂದು ಸಿಡಿದು ಜನರ ನಡುವೆ ಬಿದ್ದು, 80ಕ್ಕೂ ಹೆಚ್ಚು ಮಂದಿ ಸತ್ತರು. ಇಂದು ನಮ್ಮನ್ನು ತಡೆಯುವ ಬೇಲಿಗಳ ಹಿಂದೆ ಅಂಥ ಸಾವುಗಳ ನೆನಪಿದೆ. ಇನ್ನೆರಡು ಹೆಜ್ಜೆ ಮುಂದೆ ಹೋದರೆ ಚಿತ್ರ ಚೆನ್ನಾದೀತೆಂದು ಮನಸ್ಸು ಎಳೆಯುವುದುಂಟು. ಆ ಎರಡು ಹೆಜ್ಜೆಯನ್ನು ಮಸೂರವೇ ಇಡಲಿ. ನೀವು ಬೇಲಿಯ ಈಚೆಯೇ ಇರಿ.